ಚಿತ್ರದ ಹಿಂದೆ ಬಿಸಿಲು

ಬ್ರಸೆಲ್ಸ್, ನವೆಂಬರ್ ೧೮೯೩

ಅಪ್ಪಾ,
ಗೋಡ್ಲೀವ್ ಅಕ್ಕ ಇದನ್ನು ನಿನಗೆ ನಿಧಾನವಾಗಿ ಓದಿ ಹೇಳಲಿ. ಇವತ್ತು ಒಬ್ಬ ಚಿತ್ರಕಾರರ ಮನೆಗೆ ಒಡೆದ ಕಿಟಕಿಗೆ ಹೊಸ ಗಾಜು ಕೂರಿಸಲು ಹೋಗಿದ್ದೆ. ಹೊರಗೆ ಬರೀ ಮೋಡ. ಒಳಗೆ ಅವರು ಬರೆದ ಚಿತ್ರದಲ್ಲಿ ಚರ್ಚಿನ ಬಣ್ಣಗಾಜಿನ ಕಿಟಕಿ ಧಗಧಗ ಉರಿಯುತ್ತಿತ್ತು! ನೀನು ಗಾಜಿನ ಕುಲುಮೆಯಿಂದ ತೆಗೆಯುತ್ತಿದ್ದೆಯಲ್ಲ, ಅದೇ ನೀಲಿ. ತಡೆಯಲಾಗದೆ ಚಿತ್ರದ ಹಿಂದಕ್ಕೆ ಹೋಗಿ ಇಣುಕಿದೆ.

"ಏನಯ್ಯಾ ಹುಡುಕ್ತಿದ್ದೀಯ?" ಅಂದರು.

"ಬಿಸಿಲು ಎಲ್ಲಿಂದ ಬರ್ತಿದೆ ಅಂತ, ಸ್ವಾಮಿ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ಬರೀ ಬಟ್ಟೆ, ಅಪ್ಪಾ!

ನನ್ನ ಕೆಮ್ಮು ವಾಸಿ. ಕಾರ್ಡು ತುಂಬಿತು, ಇದೊಂದು ಹೇಳಿಬಿಡುತ್ತೇನೆ: ಚಿತ್ರದಲ್ಲಿ ಆ ಕಿಟಕಿಯ ಮುಂದೆ ಒಬ್ಬ ಹೆಂಗಸು ಕೂತಿದ್ದಾಳೆ. ಬಣ್ಣವೆಲ್ಲ ಅವಳ ಮುಖದ ಮೇಲೆ. ಕಣ್ಣು ಮಾತ್ರ ಮುಚ್ಚಿದೆ, ಆದರೂ ನೋಡುತ್ತಿದ್ದಾಳೆ. ಕಣ್ಣು ಹೋದ ಮೇಲೆ ನೀನು ನಮ್ಮ ಚರ್ಚಿನಲ್ಲಿ ಕೂರುವುದೂ ಹೀಗೇ.

ನಿನ್ನ ಲೀವೆನ್