ಮೇಜರ್‌ಗೆ ಗುಂಡು ಕೊಡಲಿಲ್ಲ

ರೀ,

ನೀವು ಸಾಯುವಾಗ ಅರ್ಧಕ್ಕೆ ಬಿಟ್ಟ ಥ್ರಿಲ್ಲರನ್ನು ನಾನೇ ಮುಗಿಸಿ ಇವತ್ತು ಪ್ರಕಾಶಕರಿಗೆ ಕೊಟ್ಟೆ. ಸೈನ್ಯದಿಂದ ಬಂದ ಮೇಲೆ ನೀವು ಬರೆದ ಪ್ರತಿ ಪುಸ್ತಕದಲ್ಲೂ ನಾಯಕನ ಹೆಂಡತಿ ಮೊದಲ ಅಧ್ಯಾಯದಲ್ಲೇ ಕೊಲೆಯಾಗುತ್ತಿದ್ದಳು. ಅವಳಿಗೆ ನನ್ನದೇ ಕನ್ನಡಕ, ಕೈಯಲ್ಲಿ ನನ್ನದೇ ಕವನ ಸಂಕಲನ. ಈ ಸಲ ಅವಳನ್ನು ಎಬ್ಬಿಸಿ ಕೂರಿಸಿದೆ. ನಿಮ್ಮ ನಾಯಕ ಮೇಜರ್‌ನನ್ನು ಬಚ್ಚಲುಮನೆಯಲ್ಲಿ ಜಾರಿಸಿ ಕೊಂದೆ.

ಪ್ರಕಾಶಕರು ಕೊನೆಯ ಪುಟಗಳನ್ನು ಅಲ್ಲೇ ಓದಿ ತಲೆ ಚಚ್ಚಿಕೊಂಡರು. "ಮಿಲಿಟ್ರಿ ಮನುಷ್ಯ ಮೇಡಂ, ಒಂದು ಗುಂಡಾದ್ರೂ ಬೇಡ್ವಾ?"

"ಅವರಿಗೆ ಸೋಪು ಸಾಕು," ಅಂದೆ.

"ಸರಿ. ಆದ್ರೆ ಕೊನೇಲಿ ಹೆಂಡ್ತಿ ಯಾಕೆ ಅಳ್ತಾಳೆ? ಆ ಸಾಲು ಹೊಡೆದುಹಾಕ್ಲಾ?"

ಅದನ್ನು ನಾನೂ ಎಷ್ಟೋ ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೆ.

"ಇರ್ಲಿ ಬಿಡಿ," ಅಂದೆ. ಮುಖಪುಟದಿಂದ ನಿಮ್ಮ ಹೆಸರನ್ನು ಮಾತ್ರ ತೆಗೆಸಿದೆ.