ಇಸವಿಯ ಕೆಳಗಿನ ಚುಕ್ಕೆ

೧೪ನೇ ತಾರೀಖು, ಭಾನುವಾರ
ಬೆಳಗಿನ ಕಾಫಿ ಆದ ಮೇಲೆ

ನನ್ನ ಮೆಣಸಿನಕಾಯಿ ತಂಗಿಗೆ,

ಅಣ್ಣನ ಅಕ್ಷರ ನೋಡಿ ಲಕೋಟೆ ಹರಿದು ಬಿಸಾಡಿಲ್ಲ ತಾನೆ? ನಾನು ಕ್ಷೇಮ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಹತ್ತು ವರ್ಷ ತಡವಾಗಿ ಬರೆಯುತ್ತಿದ್ದೇನೆ. ‘ಬೆಟರ್ ಲೇಟ್ ದ್ಯಾನ್’ ಅಂತ ಕಾಲೇಜಿನ ಮೇಷ್ಟ್ರು ಏನೋ ಹೇಳುತ್ತಿದ್ದರು. ಮುಂದಿನದು ಮರೆತಿದೆ. ಮುಂದಿನದೇ ಮುಖ್ಯ ಇರಬೇಕು.

ಅಪ್ಪನ ಪುಡಿನಾಣ್ಯಗಳ ಡಬ್ಬಿ ನೆನಪಿದೆಯಲ್ಲ? ನೆನಪಿಲ್ಲದೆ ಏನು, ಅದಕ್ಕೇ ತಾನೆ ನಾವು ಮಾತು ಬಿಟ್ಟದ್ದು! ಟಿಕೆಟ್ ಕೌಂಟರಿನಲ್ಲಿ ಕೂತು, ಕಣ್ಣಿಗೆ ಬಿದ್ದ ಹಳೇ ಬಿಲ್ಲೆಗೆ ತಮ್ಮ ಜೇಬಿನದನ್ನು ಬದಲಿಗಿಟ್ಟು, ಮೂವತ್ತು ವರ್ಷ ಕೂಡಿಸಿದ್ದು. ಒಂದೊಂದು ಪೊಟ್ಟಣದಲ್ಲಿ ಒಂದೇ ಇಸವಿಯ ಎರಡೆರಡು. ಇಬ್ಬರು ಮಕ್ಕಳಿಗೆ ಅಂತಲೇ ಇಟ್ಟಿದ್ದಾರೆ ಎಂದುಕೊಂಡು ನಾವು ‘ನಿನಗೊಂದು, ನನಗೊಂದು’ ಮಾಡಿದೆವು. ಕೊನೆಯ ಪೊಟ್ಟಣದಲ್ಲಿ ಮಾತ್ರ ಒಂದೇ ಒಂದು, ಎಸಳಿನಂಥ ಅಂಚಿದ್ದ ಹತ್ತು ಪೈಸೆಯ ಬಿಲ್ಲೆ. ‘ಹಿರಿಯ ನಾನು’ ಅಂತ ಎತ್ತಿಕೊಂಡೆ. ‘ಅಪ್ಪನಿಗೆ ನೀನೊಬ್ಬನೇ ಹುಟ್ಟಿದ್ದು, ಇಟ್ಕೋ’ ಅಂತ ನೀನು ಚಪ್ಪಲಿ ಮೆಟ್ಟಿ ಹೊರಟೆ.

ಮೊನ್ನೆ ಕೈಗಡಿಯಾರ ರಿಪೇರಿಗೆ ಹೋಗುವಾಗ ಡಬ್ಬಿಯನ್ನೂ ಒಯ್ದಿದ್ದೆ. ಆ ಅಂಗಡಿಯವರಿಗೂ ನಾಣ್ಯದ ಹುಚ್ಚು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, “ಇವುಗಳ ಜೋಡಿ ಎಲ್ಲಿ ಸ್ವಾಮಿ?” ಅಂದರು.

“ತಂಗಿ ಹತ್ರ ಇದೆ. ಎರಡೂ ಒಂದೇ ತರದ್ದು ಬಿಡಿ.”

“ಒಂದೇ ತರದ್ದಾ? ನಿಮ್ಮಪ್ಪ ಅಷ್ಟು ದಡ್ಡರಲ್ಲ. ಈ ಬಿಲ್ಲೆಗೆ ಇಸವಿ ಕೆಳಗೆ ಚುಕ್ಕೆ ಇದೆ ನೋಡಿ, ಪಕ್ಕದ್ದಕ್ಕೆ ಇಲ್ಲ. ಬೇರೆ ಬೇರೆ ಟಂಕಸಾಲೆಯವು. ಒಂದೇ ಇಸವಿಯ ಚುಕ್ಕೆಯದೊಂದು, ಚುಕ್ಕೆಯಿಲ್ಲದ್ದೊಂದು ಸೇರಿದರೇ ಒಂದು ಜೋಡಿ. ಯಾವ ಪುಣ್ಯಾತ್ಮರು ರೀ ಇದನ್ನ ಹಂಚಿದ್ದು?”

ನಾನು ‘ವೆರಿ ಇಂಟರೆಸ್ಟಿಂಗ್’ ಅಂದೆ. ಮುಖ ಎಲ್ಲಿಟ್ಟುಕೊಳ್ಳಲಿ ತಿಳಿಯಲಿಲ್ಲ. ಆ ಒಂಟಿ ಬಿಲ್ಲೆ ಯಾರ ಪಾಲೂ ಅಲ್ಲ ಕಣೇ. ಅಪ್ಪ ಅದರ ಜೋಡಿಯನ್ನು ಇನ್ನೂ ಹುಡುಕುತ್ತಿದ್ದರು, ಅಷ್ಟೆ. ನಾವು ಅದಕ್ಕೆ ಕಚ್ಚಾಡಿದೆವು.

ನಿನ್ನ ಪಾಲಿನದು ಇದೆಯಾ? ಸಿಟ್ಟಿನಲ್ಲಿ ಬಾವಿಗೆ ಹಾಕಿದ್ದರೂ ಹೇಳು, ಬಯ್ಯುವುದಿಲ್ಲ. ಇದ್ದರೆ ಶನಿವಾರ ತಗೊಂಡು ಬಾ. ಕಿಟಕಿ ಪಕ್ಕದ ಮೇಜು ಖಾಲಿ ಮಾಡಿ ಬಿಳಿ ಬಟ್ಟೆ ಹಾಸಿದ್ದೇನೆ. ನಲವತ್ತೊಂದು ಹೊಸ ಪೊಟ್ಟಣ ಮಡಿಸಿದ್ದೇನೆ. ಜೋಡಿಸೋಣ, ಆ ಒಂಟಿಗೂ ಜೊತೆ ಹುಡುಕೋಣ. ನಿನ್ನ ಅತ್ತಿಗೆ ಹೋದ ಈ ಎರಡು ವರ್ಷದಲ್ಲಿ ಅಡುಗೆ ಕಲಿತಿದ್ದೇನೆ. ಹೆದರಬೇಡ, ಈಗ ಉಪ್ಪು ಒಂದೇ ಸಲ ಹಾಕುತ್ತೇನೆ.

ಭಾವನವರಿಗೆ ನಮಸ್ಕಾರ. ಮಗಳು ಹಿಡಿದ ಕೆಲಸವೆಲ್ಲ ಹೂವೆತ್ತಿದಷ್ಟು ಸುಲಭವಾಗಲಿ. ನೀನು ತಣ್ಣಗಿರು, ನಾಲಿಗೆಯ ಖಾರ ಮಾತ್ರ ಹಾಗೇ ಇರಲಿ. ಕಾಲೇಜಿನ ಅರ್ಜಿಗಳ ಕೊನೆಯಲ್ಲಿ ‘ಐ ಬೆಗ್ ಟು ರಿಮೇನ್’ ಅಂತ ಬರೆಯುತ್ತಿದ್ದೆ. ಪೂರ್ತಿ ಅರ್ಥ ಇವತ್ತಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ
ಅಣ್ಣ

ತಾ.ಕ.: ನಿನ್ನ ಅತ್ತಿಗೆ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ನಿನ್ನನ್ನು ಕೇಳಿದಳು. ‘ಕಾಗದ ಹಾಕಿದ್ದೆ, ಬರಲ್ಲ ಅಂದಳು’ ಅಂದೆ. ನಾನು ಹಾಕಿಯೇ ಇರಲಿಲ್ಲ. ಬೇರೆಯವರಿಂದ ಕೇಳಿ ನೀನು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ನಿನ್ನನ್ನು ದೂರಲಿಲ್ಲ. ‘ಪಾಪ, ಅವಳಿಗೆ ಏನು ತಾಪತ್ರಯವೋ’ ಅಂದಳು. ನೀನು ಬಂದು ಕೂತ ಮೇಲೆ ಇದನ್ನು ಹೇಳಬಹುದಿತ್ತು. ಆದರೆ ಗೊತ್ತಿಲ್ಲದೆ ನೀನು ನನ್ನ ಹೊಸಿಲು ದಾಟುವುದು ಬೇಡ. ಗೊತ್ತಿದ್ದು ಬಾ.