ಏಳು ಸಲ ತಟ್ಟಿದ ಟೋನರ್

ನವೆಂಬರ್ ೧೪, ಗುರುವಾರ

ಮುಖದ ಉರಿ ಇಳಿದಿದೆ. ಪ್ರಭುವೇ, ನಿನಗೆ ಸ್ತೋತ್ರ. ಸೊಸೆಗೆ ಹೇಳಬೇಕಾದ ಒಂದು ಮಾತು ಮಾತ್ರ ಇನ್ನೂ ಉಳಿದಿದೆ.

ಸೊಸೆ ಬೊರಾಮ್ ಕಳಿಸಿದ್ದ ಟೋನರ್ ಎಂಬ ಮುಖಕ್ಕೆ ಹಚ್ಚುವ ನೀರನ್ನು ನಮ್ಮ ಕಡೆಯ ಹೆಂಗಸರ ವಾಡಿಕೆಯಂತೆ ಅಂಗೈಗೆ ಸುರಿದುಕೊಂಡು ಮುಖಕ್ಕೆ ಏಳು ಸಲ ತಟ್ಟಿಕೊಂಡಿದ್ದೆ. ಮಾರನೆಯ ಬೆಳಗ್ಗೆ ಕೆನ್ನೆ ಮೆಣಸಿನಪುಡಿ ಸವರಿದಂತೆ ಕೆಂಪಾಗಿತ್ತು. ಚಳಿಗಾಲದ ಉಪ್ಪಿನಕಾಯಿ ಕಿಮ್ಚಿಗಾಗಿ ಕೋಸಿಗೆ ಉಪ್ಪು ಹಚ್ಚುತ್ತಿದ್ದ ಚರ್ಚ್ ಸಭೆಯ ಹೆಂಗಸರ ಮುಂದೆ, "ಸೊಸೆ ನನ್ನ ಮುಖ ಸುಟ್ಟಳು" ಎಂದುಬಿಟ್ಟೆ.

ಮುಖ ಉರಿಯುತ್ತಿದೆ ಎಂದು ಅವಳಿಗೆ ಫೋನಿನಲ್ಲಿ ಹೇಳಿದ್ದೆ; ಇವತ್ತು ಅವಳು ಗ್ವಾಂಗ್ಜು ನಗರದಿಂದ ಬಸ್ಸು ಹಿಡಿದು ಬೇರೆ ಬಾಟಲಿ ತಂದಳು.

"ಅತ್ತೆ, ಅದ್ರಲ್ಲಿ ಸತ್ತ ಚರ್ಮ ತೆಗೆಯೋ ಆಸಿಡ್ ಇದೆ. ವಾರಕ್ಕೆರಡು ದಿನ, ಒಂದೊಂದೇ ಸಲ ಹಚ್ಚಿದ್ರೆ ಮುಖ ನುಣುಪಾಗುತ್ತೆ. ಏಳು ಸಲ ಹಚ್ಚಿದ್ರೆ ಬದುಕಿರೋ ಚರ್ಮನೂ ಹೋಗುತ್ತೆ."

"ಬಾಟಲಿ ಮೇಲೆ ಬರೀಬಾರದಿತ್ತಾ?"

"ಬರೆದಿದೆ. ನೀವು ಕನ್ನಡಕ ಹಾಕ್ಕೊಳ್ಳೋದು ಬೈಬಲ್ ಓದೋಕೆ ಮಾತ್ರ!"

ಹೊಸ ಬಾಟಲಿಯಲ್ಲಿ ನೊಂದ ಚರ್ಮ ಮಾಗಲು ಒಂದೆಲಗ, ನೀರು ಹಿಡಿದಿಡಲು ಗ್ಲಿಸರಿನ್, ಕೆಂಪು ಇಳಿಸಲು ಮಾಚಿಪತ್ರೆ ಇವೆಯಂತೆ. ಚಳಿ ಕಳೆದ ಮೇಲೆ ಬದುವಿನಲ್ಲಿ ಕಿತ್ತು ನಾನು ಸಾರು ಮಾಡುವುದು ಅದೇ ಮಾಚಿಪತ್ರೆಯಲ್ಲವೇ!

ಅವಳೇ ಆ ಹೊಸ ನೀರಿನಲ್ಲಿ ಹತ್ತಿ ನೆನೆಸಿ ಕೆನ್ನೆಯ ಮೇಲೆ ಹಾಸಿದಳು. ಅಮ್ಮ ಹೋದ ಮೇಲೆ ನನ್ನ ಮುಖವನ್ನು ಯಾರೂ ಅಷ್ಟು ಮೆಲ್ಲಗೆ ಮುಟ್ಟಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. "ಅಲ್ಲಾಡಬೇಡಿ, ಹತ್ತಿ ಬೀಳುತ್ತೆ" ಅಂದಳು.

ನಾಳೆ ಮುಂಜಾನೆಯ ಪ್ರಾರ್ಥನೆಗೆ ಅವಳೂ ಬರುತ್ತಾಳಂತೆ. ಆ ಹೆಂಗಸರೆಲ್ಲ ಅಲ್ಲಿರುತ್ತಾರೆ. ಅವರ ಬಾಯಿಂದ ಅವಳು ನಾನಾಡಿದ ಆ ಮಾತನ್ನು ಕೇಳಬಾರದು. ಅವಳ ಕೋಣೆಯ ದೀಪ ಇನ್ನೂ ಆರಿಲ್ಲ. ಹೋಗಿ ಹೇಳಿ ಬರುತ್ತೇನೆ.